ಹೈಪೇಷಿಯಾಳ ಊರಿನ ಪುಸ್ತಕಗಳು

ಪ್ರಾಚೀನ ಇತಿಹಾಸದ ಪಾಠದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಹೆಸರು ಬಂತೆಂದರೆ ಸಾಕು, ಮಕ್ಕಳು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅದನ್ನ ಸುಟ್ಟವರು ಯಾರು ಟೀಚರ್?" ಕಟ್ಟಿದವರು ಯಾರು, ಒಳಗೆ ಏನಿತ್ತು, ಯಾರು ಓದುತ್ತಿದ್ದರು ಎಂದು ಕೇಳುವ ಮಗು ಅಪರೂಪ. ಮಕ್ಕಳನ್ನು ದೂರಿ ಫಲವಿಲ್ಲ. ದೊಡ್ಡವರ ಕುತೂಹಲವೂ ಅಷ್ಟೇ. ಕಳ್ಳ ಸಿಕ್ಕಿಬಿದ್ದರೆ ಕಥೆ ಮುಗಿಯಿತು, ಮನಸ್ಸು ಹಗುರಾಯಿತು.

ಉತ್ತರಗಳಿಗೇನೂ ಬರವಿಲ್ಲ. ರೋಮಿನ ಜೂಲಿಯಸ್ ಸೀಸರ್ ಸುಟ್ಟ ಎನ್ನುವವರಿದ್ದಾರೆ. ಕ್ರೈಸ್ತರು ಸುಟ್ಟರು ಎನ್ನುವವರಿದ್ದಾರೆ. ಖಲೀಫ ಉಮರ್ ಸುಡಿಸಿದ ಎಂದು ಕಣ್ಣಾರೆ ಕಂಡವರ ಹಾಗೆ ಹೇಳುವವರಿದ್ದಾರೆ. ಹೇಳುವವರು ಯಾವ ಪಂಗಡದವರು ಎಂದು ತಿಳಿದರೆ, ಅವರ ಕಥೆಯಲ್ಲಿ ಬೆಂಕಿಕಡ್ಡಿ ಯಾರ ಕೈಯಲ್ಲಿರುತ್ತದೆ ಎಂದು ಮೊದಲೇ ಊಹಿಸಬಹುದು. ಆದ್ದರಿಂದ ಈ ಊರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ, ಮೊದಲಿನಿಂದ ನೋಡೋಣ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಈಜಿಪ್ಟಿನ ಕಡಲ ದಂಡೆಯಲ್ಲಿ ತನ್ನ ಹೆಸರಿನ ನಗರಕ್ಕೆ ಗೆರೆ ಎಳೆದ. ಅವನ ನಂತರ ಈಜಿಪ್ಟು ಅವನ ಸೇನಾನಿ ಟಾಲೆಮಿಯ ವಂಶಕ್ಕೆ ಬಂತು. ಮೊದಲ ಇಬ್ಬರು ಟಾಲೆಮಿಗಳ ಕಾಲದಲ್ಲಿ ಅರಮನೆಯ ಬಡಾವಣೆಯಲ್ಲೇ ಒಂದು ವಿದ್ಯಾಮಂದಿರ ಎದ್ದಿತು. ಮ್ಯೂಸ್ ಎಂಬ ಒಂಬತ್ತು ವಿದ್ಯಾದೇವತೆಯರ ಗುಡಿಯಾದ್ದರಿಂದ ಅದಕ್ಕೆ ಮ್ಯೂಸಿಯಂ ಎಂದು ಹೆಸರು. ಇಂದು ನಾವು ವಸ್ತುಸಂಗ್ರಹಾಲಯಕ್ಕೆ ಹೇಳುವ ಮಾತು ಅಲ್ಲಿಂದಲೇ ಬಂದದ್ದು. ಅಲ್ಲಿ ವಿದ್ವಾಂಸರು ಅರಸನ ಖರ್ಚಿನಲ್ಲಿ ಒಟ್ಟಿಗೆ ಊಟಮಾಡುತ್ತಾ, ಓದುತ್ತಾ, ವಾದಿಸುತ್ತಾ ಇದ್ದರು. ಪೂಜೆಗೆ ಒಂಬತ್ತು ದೇವಿಯರು, ಊಟದ ಪಂಕ್ತಿಯಲ್ಲಿ ಮಾತ್ರ ಗಂಡಸರು. ಇದು ನಮಗೆ ಹೊಸದೇನಲ್ಲ.

ಪುಸ್ತಕ ಕೂಡಿಸಿದ ರೀತಿ ಮಾತ್ರ ಸಾತ್ವಿಕವಾಗಿರಲಿಲ್ಲ. ಎರಡನೆಯ ಶತಮಾನದ ಪ್ರಸಿದ್ಧ ವೈದ್ಯ ಗ್ಯಾಲೆನ್ ಇದನ್ನು ಬರೆದಿಟ್ಟಿದ್ದಾನೆ. ಬಂದರಿಗೆ ಬಂದ ಹಡಗುಗಳಲ್ಲಿ ಪುಸ್ತಕ ಕಂಡರೆ ಅರಸನ ಆಳುಗಳು ಅದನ್ನು ಕಿತ್ತುಕೊಂಡು ಪ್ರತಿ ಮಾಡಿಸುತ್ತಿದ್ದರಂತೆ. ಆಮೇಲೆ ಪ್ರತಿಯನ್ನು ಒಡೆಯನಿಗೆ ಕೊಟ್ಟು ಮೂಲವನ್ನು ತಾವು ಇಟ್ಟುಕೊಳ್ಳುತ್ತಿದ್ದರಂತೆ. ಅಥೆನ್ಸ್ ನಗರದಿಂದ ಮಹಾನಾಟಕಕಾರರ ಅಧಿಕೃತ ಪ್ರತಿಗಳನ್ನು 15 ಟ್ಯಾಲೆಂಟ್ ಬೆಳ್ಳಿ ಒತ್ತೆಯಿಟ್ಟು ಎರವಲು ತಂದ ಒಬ್ಬ ಟಾಲೆಮಿ, ಒತ್ತೆ ಹೋದರೆ ಹೋಗಲಿ ಎಂದು ಮೂಲಗಳನ್ನು ಇಟ್ಟುಕೊಂಡು ಹೊಸ ಪ್ರತಿಗಳನ್ನು ಹಿಂದಕ್ಕೆ ಕಳಿಸಿದ. ಎರವಲು ಒಯ್ದ ಪುಸ್ತಕ ವಾಪಸು ಕೊಡದ ಗೆಳತಿಯರು ಎಲ್ಲ ಊರಲ್ಲೂ ಇರುತ್ತಾರೆ. ಈತ ಅವರಿಗೆಲ್ಲ ಕುಲಗುರು!

ಹೀಗೆ ಸೇರಿದ ರಾಶಿ ಎಷ್ಟು? ಹಳಬರು ಕೊಡುವ ಲೆಕ್ಕ 40 ಸಾವಿರದಿಂದ 7 ಲಕ್ಷದವರೆಗೆ ಓಲಾಡುತ್ತದೆ. ಅವು ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಸುರುಳಿಗಳು. ಒಂದೇ ದೊಡ್ಡ ಕೃತಿಗೆ ಹತ್ತಿಪ್ಪತ್ತು ಸುರುಳಿ ಬೇಕಾಗುತ್ತಿತ್ತಾದ್ದರಿಂದ ಸುರುಳಿಯ ಲೆಕ್ಕ ಪುಸ್ತಕದ ಲೆಕ್ಕವಲ್ಲ. ಕಲ್ಲಿಮಾಕಸ್ ಎಂಬ ಕವಿ ಗ್ರೀಕ್ ಸಾಹಿತ್ಯಕ್ಕೆಲ್ಲ ವಿಷಯವಾರು ಸೂಚಿ ತಯಾರಿಸಿದ. ಆ ಸೂಚಿಯೇ 120 ಸುರುಳಿ. ಅಲ್ಲಿನ ಗ್ರಂಥಪಾಲನಾಗಿದ್ದ ಎರಟೋಸ್ಥೆನಿಸ್ ಎರಡು ಊರುಗಳ ನಡುಮಧ್ಯಾಹ್ನದ ನೆರಳಿನ ಲೆಕ್ಕದಿಂದ ಭೂಮಿಯ ಸುತ್ತಳತೆಯನ್ನೇ ಅಳೆದ. ಹೀಗೆ ಪುಸ್ತಕದ ರಾಶಿಗಿಂತ ಅದರ ಸುತ್ತ ಕುಳಿತ ಜನ ದೊಡ್ಡವರಾಗಿದ್ದರು.

ಈ ಜನ ಚದುರಲು ಶುರುವಾದದ್ದು ಯಾವ ಧರ್ಮದ ಕಾರಣಕ್ಕೂ ಅಲ್ಲ. ಕ್ರಿ.ಪೂ. 145ರಲ್ಲಿ ಎಂಟನೆಯ ಟಾಲೆಮಿ ಪಟ್ಟಕ್ಕೆ ಬಂದು ತನಗಾಗದ ವಿದ್ವಾಂಸರನ್ನೆಲ್ಲ ಊರು ಬಿಡಿಸಿದ. ಮಹಾಪಂಡಿತ ಅರಿಸ್ಟಾರ್ಕಸ್ ಸೈಪ್ರಸ್ಸಿಗೆ ಹೋಗಿ ಅಲ್ಲೇ ತೀರಿಕೊಂಡ. ಕ್ರಿ.ಪೂ. 48ರಲ್ಲಿ ಸೀಸರ್ ಶತ್ರುಗಳ ಹಡಗಿಗೆ ಇಟ್ಟ ಬೆಂಕಿ ದಡಕ್ಕೆ ಹಬ್ಬಿತು. 40 ಸಾವಿರ ಪುಸ್ತಕ ಸುಟ್ಟವೆಂದು ರೋಮಿನ ಸೆನೆಕಾ ಬರೆಯುತ್ತಾನೆ. ಕ್ರಿ.ಶ. 270ರ ದಶಕದಲ್ಲಿ ಚಕ್ರವರ್ತಿ ಆರೇಲಿಯನ್‌ನ ಯುದ್ಧದಲ್ಲಿ ಅರಮನೆಯ ಬಡಾವಣೆಯೇ ನೆಲಸಮವಾಯಿತು. ಎಲ್ಲರೂ 'ಸುಟ್ಟವರು ಯಾರು' ಎಂದು ಕೇಳುವ ಆ ದೊಡ್ಡ ಗ್ರಂಥಾಲಯ ಹೀಗೆ ಉಪೇಕ್ಷೆಯಿಂದ, ಯುದ್ಧದಿಂದ, ಕಂತುಕಂತಾಗಿ ಹೋಯಿತು.

ಉಳಿದಿದ್ದು ಸೆರಾಪಿಯಂ. ಊರಿನ ದಿಬ್ಬದ ಮೇಲೆ ಸೆರಾಪಿಸ್ ದೇವರ ದೊಡ್ಡ ಗುಡಿ, ಅದರ ಪ್ರಾಕಾರದಲ್ಲಿ ಒಂದು ಕಿರಿಯ ಗ್ರಂಥಾಲಯ. ಧರ್ಮದ ಮಾತು ಬರುವುದು ಇಲ್ಲಿ.

ಅದಕ್ಕೆ ಮುಂಚೆ ಒಂದು ವಿಷಯ ನೆನಪಿನಲ್ಲಿರಲಿ. ಕ್ರಿ.ಶ. 303ರಲ್ಲಿ ರೋಮಿನ ಚಕ್ರವರ್ತಿ ಡಯಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಹುಡುಕಿ ಸುಡಬೇಕು, ಅವರ ಪ್ರಾರ್ಥನಾಲಯಗಳನ್ನು ಕೆಡವಬೇಕು ಎಂದು ಆಜ್ಞೆ ಮಾಡಿದ್ದ. ಗ್ರಂಥ ಒಪ್ಪಿಸಲು ಒಲ್ಲೆನೆಂದು ಪ್ರಾಣ ಬಿಟ್ಟವರಿದ್ದರು. ಹತ್ತು ವರ್ಷದಲ್ಲಿ ಗಾಳಿ ತಿರುಗಿತು. ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಅಭಯ ಕೊಟ್ಟ. 380ರಲ್ಲಿ ಥಿಯೊಡೋಸಿಯಸ್ ಅದನ್ನೇ ರಾಜಧರ್ಮ ಮಾಡಿದ. 391ರಲ್ಲಿ ಹಳೆಯ ದೇವರುಗಳ ಗುಡಿಗೆ ಹೋಗುವುದೂ ಬಲಿ ಕೊಡುವುದೂ ಅಪರಾಧವಾಯಿತು. ಏಟು ತಿಂದವರ ಮೊಮ್ಮಕ್ಕಳ ಕಾಲಕ್ಕೆ ಕೋಲು ಕೈ ಬದಲಾಯಿಸಿತ್ತು. ಅತ್ತೆಯಿಂದ ಪಾಡು ಪಟ್ಟ ಸೊಸೆ ತಾನು ಅತ್ತೆಯಾದಾಗ ಏನು ಮಾಡುತ್ತಾಳೆಂಬುದು ನಮಗೆ ಗೊತ್ತಿಲ್ಲದ ಸಂಗತಿಯೇ?

ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್ ಹಳೆಯ ಗುಡಿಗಳ ಪೂಜಾಸಾಮಗ್ರಿಯನ್ನು ಬೀದಿಗೆ ತಂದು ಮೆರೆಸಿ ಗೇಲಿ ಮಾಡಿಸಿದ. ಹಳೆಯ ನಂಬಿಕೆಯವರು ಕತ್ತಿ ಹಿಡಿದರು. ಬೀದಿಯಲ್ಲಿ ಹೆಣ ಬಿದ್ದವು. ಅವರು ಸೆರಾಪಿಯಂ ಹೊಕ್ಕು ಅದನ್ನೇ ಕೋಟೆ ಮಾಡಿಕೊಂಡರು. ಚಕ್ರವರ್ತಿಯಿಂದ ಅಪ್ಪಣೆ ಬಂತು: ಒಳಗಿರುವವರಿಗೆ ಕ್ಷಮೆ, ಗುಡಿಗೆ ಮಾತ್ರ ಕ್ಷಮೆಯಿಲ್ಲ. ಸೆರಾಪಿಸ್ ವಿಗ್ರಹವನ್ನು ಮುಟ್ಟಿದರೆ ಆಕಾಶ ಕಳಚಿ ಬೀಳುತ್ತದೆ ಎಂಬ ಪ್ರತೀತಿಯಿತ್ತು. ಒಬ್ಬ ಸೈನಿಕ ಕೊಡಲಿಯಿಂದ ಅದರ ದವಡೆಗೆ ಹೊಡೆದ. ಆಕಾಶ ಬೀಳಲಿಲ್ಲ. ಆಮೇಲೆ ತಡೆಯುವವರಿರಲಿಲ್ಲ.

ಅಂದು ಸೆರಾಪಿಯಂನಲ್ಲಿ ಪುಸ್ತಕಗಳಿದ್ದವೇ? ಗುಡಿ ಕೆಡವಿದ್ದನ್ನು ಬರೆದವರು ಪುಸ್ತಕದ ಮಾತೆತ್ತುವುದಿಲ್ಲ. ಆದರೆ ಸುಮಾರು ಇಪ್ಪತ್ತೈದು ವರ್ಷದ ನಂತರ ಒರೋಸಿಯಸ್ ಎಂಬ ಕ್ರೈಸ್ತ ಪಾದ್ರಿ, ದೇವಾಲಯಗಳಲ್ಲಿ ಬರಿದಾದ ಪುಸ್ತಕದ ಪೆಟ್ಟಿಗೆಗಳನ್ನು ತಾನೇ ಕಂಡೆನೆಂದೂ, ಅವನ್ನು ಬರಿದು ಮಾಡಿದವರು ತನ್ನ ಕಾಲದ, ತನ್ನವರೇ ಎಂದೂ ಬರೆದ. ಎದುರಾಳಿಯ ತಪ್ಪನ್ನು ಬರೆಯಲು ಎಲ್ಲರ ಲೇಖನಿಯೂ ಓಡುತ್ತದೆ. 'ನಮ್ಮವರೇ' ಎಂದು ಬರೆದ ಇವನ ಒಂದು ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆ ಗಲಭೆಯಲ್ಲಿ ಹಳೆಯ ಧರ್ಮದ ಇಬ್ಬರು ವ್ಯಾಕರಣದ ಮೇಷ್ಟರು ಊರು ಬಿಟ್ಟು ಕಾನ್‌ಸ್ಟಾಂಟಿನೋಪಲ್ ಸೇರಿದರು. ಒಬ್ಬ ಅಮ್ಮೋನಿಯಸ್, ಇನ್ನೊಬ್ಬ ಹೆಲಾಡಿಯಸ್. ಹೆಲಾಡಿಯಸ್ ಆ ಗಲಭೆಯಲ್ಲಿ ತಾನು ಕೈಯಾರೆ ಒಂಬತ್ತು ಮಂದಿಯನ್ನು ಕೊಂದೆನೆಂದು ಹೇಳಿಕೊಂಡು ಬೀಗುತ್ತಿದ್ದನಂತೆ. ವ್ಯಾಕರಣದ ಮೇಷ್ಟರು! ಇದನ್ನು ಬರೆದವನು ಅವರ ಬಳಿ ಬಾಲ್ಯದಲ್ಲಿ ಪಾಠ ಕಲಿತ ಸಾಕ್ರಟೀಸ್. ವಿಷ ಕುಡಿದ ತತ್ತ್ವಜ್ಞಾನಿಯಲ್ಲ, ಅದೇ ಹೆಸರಿನ ಕ್ರೈಸ್ತ ಇತಿಹಾಸಕಾರ. ಇವನನ್ನು ನೆನಪಿಡಿ, ಇವನು ಮತ್ತೆ ಬರುತ್ತಾನೆ.

ಈಗ ಹೈಪೇಷಿಯಾ. ಅವಳ ತಂದೆ ಥಿಯಾನ್ ಗಣಿತಜ್ಞ. ಮ್ಯೂಸಿಯಂಗೆ ಸೇರಿದವರಲ್ಲಿ ನಮಗೆ ಹೆಸರು ತಿಳಿದಿರುವ ಕೊನೆಯವನು. ಯೂಕ್ಲಿಡ್‌ನ ರೇಖಾಗಣಿತವನ್ನು ಅವನು ಪರಿಷ್ಕರಿಸಿದ. ಅದಕ್ಕಿಂತ ಹಳೆಯ ಪಾಠವಿರುವ ಒಂದು ಹಸ್ತಪ್ರತಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗುರುತಾಗುವವರೆಗೆ ಜಗತ್ತು ಓದಿದ್ದು ಥಿಯಾನನ ಯೂಕ್ಲಿಡ್‌ನನ್ನೇ. ಖಗೋಳಶಾಸ್ತ್ರಜ್ಞ ಟಾಲೆಮಿಯ ಮಹಾಗ್ರಂಥಕ್ಕೆ ತಾನು ಬರೆದ ವ್ಯಾಖ್ಯಾನದ ಮೂರನೆಯ ಭಾಗದ ತಲೆಬರಹದಲ್ಲಿ ಥಿಯಾನ್, ಇದರ ಪಾಠವನ್ನು ಪರಿಷ್ಕರಿಸಿದವಳು ತನ್ನ ಮಗಳು ಹೈಪೇಷಿಯಾ ಎಂದು ನಮೂದಿಸಿದ್ದಾನೆ. ಅಪ್ಪನ ಕೆಲಸದಲ್ಲಿ ಕರಗಿಹೋದ ಎಷ್ಟು ಹೆಣ್ಣುಮಕ್ಕಳ ಕೆಲಸ ಹೆಸರಿಲ್ಲದೆ ಹೋಗಿದೆಯೋ! ಈ ಅಪ್ಪ ಹೆಸರು ಬರೆದ.

ಅವಳು ತತ್ತ್ವಶಾಸ್ತ್ರಿಗಳ ನಿಲುವಂಗಿ ತೊಟ್ಟು ಊರ ನಡುವೆ ಓಡಾಡುತ್ತಿದ್ದಳು. ಮದುವೆಯಾಗಲಿಲ್ಲ. ಗಣಿತ, ಖಗೋಳ, ಪ್ಲೇಟೋನ ತತ್ತ್ವ ಕಲಿಸುತ್ತಿದ್ದಳು. ಹಳೆಯ ದೇವರನ್ನು ನಂಬುವವರೂ ಕ್ರೈಸ್ತರೂ ಒಂದೇ ಕಡೆ ಕುಳಿತು ಅವಳಿಂದ ಪಾಠ ಕೇಳುತ್ತಿದ್ದರು. ಅವರಲ್ಲೊಬ್ಬ ಸಿನೀಸಿಯಸ್, ಮುಂದೆ ತಾನೇ ಬಿಷಪ್ ಆದವನು. ಅವನು ಅವಳಿಗೆ ಬರೆದ ಏಳು ಪತ್ರಗಳು ಉಳಿದಿವೆ. ಒಂದರಲ್ಲಿ ದ್ರವದ ಸಾಂದ್ರತೆ ಅಳೆಯುವ ಕೊಳವೆ ಮಾಡಿಸಿ ಕಳಿಸಿ ಎಂದು ಕೇಳುತ್ತಾ ಅದರ ಅಳತೆ, ಆಕಾರ ವಿವರಿಸುತ್ತಾನೆ. ಕೊನೆಗಾಲದ ಪತ್ರದಲ್ಲಿ, ಮಕ್ಕಳನ್ನೆಲ್ಲ ಕಳೆದುಕೊಂಡು ಹಾಸಿಗೆ ಹಿಡಿದವನು ಅವಳನ್ನು ತಾಯಿ, ಸೋದರಿ, ಗುರು ಎಂದೆಲ್ಲ ಕರೆಯುತ್ತಾನೆ. ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವಳಿಗೆ ಆ ಪತ್ರದ ಬಗ್ಗೆ ಓದಿದಾಗ ಗಂಟಲು ಕಟ್ಟಿತು. ಅವಳು ಬರೆದ ಉತ್ತರ ಒಂದೂ ಉಳಿದಿಲ್ಲ.

412ರಲ್ಲಿ ಥಿಯೋಫಿಲಸ್ ತೀರಿಕೊಂಡು ಅವನ ಸೋದರಳಿಯ ಸಿರಿಲ್ ಬಿಷಪ್ ಆದ. ರೋಮಿನ ಅಧಿಕಾರಿ ಒರೆಸ್ಟಿಸ್, ಅವನೂ ಕ್ರೈಸ್ತನೇ. ಆದರೂ ಊರು ಯಾರ ಮಾತು ಕೇಳಬೇಕೆಂಬುದರಲ್ಲಿ ಇಬ್ಬರಿಗೂ ಬಿತ್ತು. ಕ್ರೈಸ್ತರಿಗೂ ಯಹೂದಿಗಳಿಗೂ ಗಲಭೆಯಾಗಿ ಸಿರಿಲ್ ಯಹೂದಿಗಳನ್ನು ಊರಿನಿಂದ ಅಟ್ಟಿದ. ಮರುಭೂಮಿಯಿಂದ ಸುಮಾರು 500 ಸನ್ಯಾಸಿಗಳು ಬಂದಿಳಿದರು. ಅವರಲ್ಲೊಬ್ಬ ಎಸೆದ ಕಲ್ಲಿಗೆ ಒರೆಸ್ಟಿಸ್‌ನ ತಲೆ ಒಡೆಯಿತು. ಒರೆಸ್ಟಿಸ್ ಆಗಾಗ ಹೈಪೇಷಿಯಾಳ ಸಲಹೆ ಕೇಳುತ್ತಿದ್ದ. ಅಷ್ಟು ಸಾಕಾಯಿತು. ಅಧಿಕಾರಿಗೂ ಬಿಷಪರಿಗೂ ರಾಜಿಯಾಗದಂತೆ ತಡೆಯುತ್ತಿರುವವಳು ಆ ಹೆಂಗಸೇ ಎಂದು ಗುಸುಗುಸು ಹುಟ್ಟಿತು.

415ರ ಮಾರ್ಚಿನಲ್ಲಿ, ಕ್ರೈಸ್ತರ ಉಪವಾಸದ ಪವಿತ್ರ ದಿನಗಳಲ್ಲೇ, ಪೀಟರ್ ಎಂಬ ಚರ್ಚಿನ ವಾಚಕನ ಮುಂದಾಳುತನದಲ್ಲಿ ಒಂದು ಗುಂಪು ಅವಳ ಗಾಡಿಯನ್ನು ತಡೆಯಿತು. ಅವಳನ್ನು ಚರ್ಚಿನೊಳಕ್ಕೆ ಎಳೆದೊಯ್ದು ಬಟ್ಟೆ ಕಿತ್ತು ಹೆಂಚಿನ ಚೂರುಗಳಿಂದ ಕೊಂದರು. ದೇಹವನ್ನು ತುಂಡು ಮಾಡಿ ಊರಾಚೆ ಸುಟ್ಟರು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಇದನ್ನು ದಾಖಲಿಸಿದವನು ಆ ಸಾಕ್ರಟೀಸ್. ಒಂಬತ್ತು ಕ್ರೈಸ್ತರನ್ನು ಕೊಂದೆನೆಂದು ಬೀಗಿದ ಮೇಷ್ಟರ ಕ್ರೈಸ್ತ ಶಿಷ್ಯ. ಈ ಕೃತ್ಯದಿಂದ ಸಿರಿಲ್‌ಗೂ ಅಲೆಕ್ಸಾಂಡ್ರಿಯಾದ ಚರ್ಚಿಗೂ ದೊಡ್ಡ ಕಳಂಕ ಬಂತೆಂದು ಮುಚ್ಚುಮರೆಯಿಲ್ಲದೆ ಬರೆದ. ಕೊಂದವರಿಗೆ ಶಿಕ್ಷೆಯಾದ ದಾಖಲೆ ಮಾತ್ರ ಇಲ್ಲ. ರೋಗಿಗಳ ಶುಶ್ರೂಷೆಯ ಹೆಸರಿನಲ್ಲಿ ಬಿಷಪರ ಕೈಕೆಳಗೆ ಒಂದು ದಂಡು ಇತ್ತು, ಬೀದಿ ಜಗಳಕ್ಕೂ ಒದಗುತ್ತಿತ್ತು. 416ರಲ್ಲಿ ಆ ದಂಡು 500 ಮೀರಬಾರದು, ರೋಮಿನ ಅಧಿಕಾರಿಯ ಹತೋಟಿಯಲ್ಲಿರಬೇಕು ಎಂದು ಕಾನೂನು ಬಂತು. 418ರಲ್ಲಿ ಸಂಖ್ಯೆ 600ಕ್ಕೆ ಏರಿ, ಹತೋಟಿ ಮತ್ತೆ ಬಿಷಪರಿಗೇ ಹೋಯಿತು. ಸರಕಾರಿ ಆಜ್ಞೆಗಳ ಆಯುಸ್ಸು ಅಂದೂ ಅಷ್ಟೇ.

ಏಳನೆಯ ಶತಮಾನದ ಜಾನ್ ಎಂಬ ಬಿಷಪ್ ಈ ಕೊಲೆಯನ್ನು ಒಳ್ಳೆಯ ಕೆಲಸವೆಂದೇ ಬರೆದ. ಅವಳು ಮಾಟಗಾತಿ, ಆಸ್ಟ್ರೋಲೇಬ್ ಹಿಡಿದು ಜನರನ್ನು ಮರುಳು ಮಾಡುತ್ತಿದ್ದಳು ಎಂದು ಅವನ ವಾದ. ಆಸ್ಟ್ರೋಲೇಬ್ ಎಂದರೆ ನಕ್ಷತ್ರದ ಎತ್ತರ ಅಳೆಯುವ ಹಿತ್ತಾಳೆಯ ತಟ್ಟೆ. ಲೆಕ್ಕ ಬಲ್ಲ ಹೆಂಗಸು ಮಾಟಗಾತಿಯಾದಳು. ಪುಸ್ತಕಗಳಿಗೆ ನಿಜವಾದ ಅಪಾಯ ಶುರುವಾದದ್ದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ.

ಕಾರಣವಿದೆ. ಪಪೈರಸ್ ನಮ್ಮ ಓಲೆಗರಿಯ ಹಾಗೆ. ಹುಳ ತಿನ್ನುತ್ತದೆ, ತೇವಕ್ಕೆ ಕೊಳೆಯುತ್ತದೆ. ಕಾಲಕಾಲಕ್ಕೆ ಯಾರಾದರೂ ಕುಳಿತು ಹೊಸ ಪ್ರತಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಬೆಂಕಿ ಬೇಕಿಲ್ಲ. ಈ ಪುಸ್ತಕ ಮನೆಯಲ್ಲಿದ್ದರೆ ಯಾರೇನು ತಿಳಿದಾರೋ ಎಂಬ ಅಂಜಿಕೆ ಸಾಕು. ಹೈಪೇಷಿಯಾ ಡಯೋಫಾಂಟಸ್‌ನ ಅಂಕಗಣಿತಕ್ಕೂ ಅಪೊಲೋನಿಯಸ್‌ನ ಶಂಕುಗಣಿತಕ್ಕೂ ವ್ಯಾಖ್ಯಾನ ಬರೆದಿದ್ದಳು. ಅವಳ ಹೆಸರಿನ ಆ ಪುಸ್ತಕಗಳಲ್ಲಿ ಒಂದೂ ಇಂದು ಇಲ್ಲ.

ಅವಳೊಂದಿಗೆ ಆ ಊರಿನ ವಿದ್ಯೆಯೇ ಸತ್ತಿತು ಎಂದು ಕಾದಂಬರಿಕಾರರು ಬರೆಯುತ್ತಾರೆ. ಅದೂ ನಿಜವಲ್ಲ. ಪೋಲೆಂಡಿನ ಪುರಾತತ್ತ್ವಜ್ಞರು ಅಲೆಕ್ಸಾಂಡ್ರಿಯಾದ ಕೋಮ್ ಎಲ್-ದಿಕ್ಕಾ ಎಂಬಲ್ಲಿ ಐದರಿಂದ ಏಳನೆಯ ಶತಮಾನದ ಇಪ್ಪತ್ತರಷ್ಟು ಪಾಠದ ಕೊಠಡಿಗಳನ್ನು ಅಗೆದು ತೆಗೆದಿದ್ದಾರೆ. ಮೂರು ಕಡೆ ಗೋಡೆಗೆ ಅಂಟಿದಂತೆ ಮೆಟ್ಟಿಲು ಮೆಟ್ಟಿಲಾದ ಕಲ್ಲುಬೆಂಚು, ಎದುರಿಗೆ ಎತ್ತರದಲ್ಲಿ ಗುರುವಿನ ಪೀಠ. ಪಾಠ ನಡೆದಿತ್ತು, ಷರತ್ತಿನ ಮೇಲೆ. ಐದನೆಯ ಶತಮಾನದ ಕೊನೆಯಲ್ಲಿ ಹಳೆಯ ಧರ್ಮದ ಇನ್ನೊಬ್ಬ ಅಮ್ಮೋನಿಯಸ್ ಅಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ. ಅವನು ಬಿಷಪರೊಡನೆ ಏನೋ ಒಪ್ಪಂದ ಮಾಡಿಕೊಂಡ, ದುಡ್ಡಿನಾಸೆಗೆ ತಲೆಬಾಗಿದ ಎಂದು ಸಹಪಂಥದ ದಮಾಸ್ಕಿಯಸ್ ಹಳಿಯುತ್ತಾನೆ. ಬೈಯುವುದು ಸುಲಭ. ಬಾಗಿಲು ಮುಚ್ಚಿ ಮಾನ ಉಳಿಸಿಕೊಳ್ಳಲೋ, ಅರ್ಧ ಪಾಠವನ್ನಾದರೂ ಹೇಳಲೋ ಎಂಬ ಸಂಕಟ ಮೇಷ್ಟರಿಗೆ ಗೊತ್ತು. ಅಮ್ಮೋನಿಯಸ್ ಪಾಠ ಹೇಳಿದ್ದರಿಂದಲೇ ಅರಿಸ್ಟಾಟಲನ ವ್ಯಾಖ್ಯಾನದ ಪರಂಪರೆ ಮುಂದೆ ಸಾಗಿತು. ಅಥೆನ್ಸಿನಲ್ಲಿ ಹಳೆಯ ಪಂಥದವರು ಬಾಗಲಿಲ್ಲ. 529ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಅಲ್ಲಿ ತತ್ತ್ವಶಾಸ್ತ್ರದ ಪಾಠವನ್ನೇ ನಿಲ್ಲಿಸಿದ. ಈ ದಮಾಸ್ಕಿಯಸ್ ಸೇರಿ ಏಳು ಮಂದಿ ಪರ್ಷಿಯಾಕ್ಕೆ ವಲಸೆ ಹೋಗಬೇಕಾಯಿತು.

ಇನ್ನು ಖಲೀಫ ಉಮರ್‌ನ ಕಥೆ. ಅರಬರು 642ರಲ್ಲಿ ಅಲೆಕ್ಸಾಂಡ್ರಿಯಾ ಗೆದ್ದರು. ಕುರಾನಿಗೆ ಒಪ್ಪುವ ಪುಸ್ತಕಗಳು ಬೇಕಿಲ್ಲ, ಒಪ್ಪದವು ಇರಬಾರದು ಎಂದು ಖಲೀಫ ಹೇಳಿಕಳಿಸಿದನಂತೆ. ಊರಿನ ಸ್ನಾನಗೃಹಗಳ ಒಲೆಗೆ ಆರು ತಿಂಗಳು ಪುಸ್ತಕವೇ ಸೌದೆಯಾಯಿತಂತೆ. ಕೇಳಲು ಕಥೆ ಚೆನ್ನಾಗಿದೆ. ಆದರೆ ಇದು ಮೊದಲು ಬರೆಹಕ್ಕೆ ಬಂದದ್ದೇ ಕ್ರಿ.ಶ. 1200ರ ಸುಮಾರಿಗೆ, ನಡೆಯಿತೆನ್ನುವ ಘಟನೆಯಾಗಿ ಐನೂರೈವತ್ತು ವರ್ಷದ ಮೇಲೆ. ನಡುವೆ ಬರೆದವರು ಯಾರೂ, ಅರಬರನ್ನು ಕಂಡರಾಗದ ಕ್ರೈಸ್ತರೂ, ಇದನ್ನು ಹೇಳುವುದಿಲ್ಲ. ಬಹುಪಾಲು ಇತಿಹಾಸಕಾರರು ಇದನ್ನು ಕಟ್ಟುಕಥೆ ಎನ್ನುತ್ತಾರೆ. ಹೈಪೇಷಿಯಾ ಕಲಿಸಿದ ಪುಸ್ತಕಗಳೇ ಇಲ್ಲಿ ಸಾಕ್ಷಿ ನುಡಿಯುತ್ತವೆ. ಅಪೊಲೋನಿಯಸ್‌ನ ಎಂಟು ಭಾಗಗಳಲ್ಲಿ ಮೊದಲ ನಾಲ್ಕು ಗ್ರೀಕಿನಲ್ಲಿ ಉಳಿದವು. ಐದು, ಆರು, ಏಳನೆಯವು ಉಳಿದದ್ದು ಅರಬ್ಬಿ ಅನುವಾದದಲ್ಲಿ ಮಾತ್ರ. ಎಂಟನೆಯದು ಎಲ್ಲೂ ಇಲ್ಲ. ಡಯೋಫಾಂಟಸ್‌ನ ಹದಿಮೂರರಲ್ಲಿ ಆರು ಭಾಗ ಗ್ರೀಕಿನಲ್ಲಿದ್ದವು. ಇನ್ನು ನಾಲ್ಕು ಭಾಗಗಳ ಅರಬ್ಬಿ ಅನುವಾದ 1968ರಲ್ಲಿ ಇರಾನಿನ ಮಶ್ಹದ್‌ನಲ್ಲಿ ಸಿಕ್ಕಿತು. ಆ ಪುಣ್ಯಕ್ಷೇತ್ರದ ಗ್ರಂಥಭಂಡಾರದಲ್ಲಿ ಶತಮಾನಗಳ ಕಾಲ ಅದನ್ನು ಯಾರೋ ಹುಳ ಹಿಡಿಯದಂತೆ ಕಾಪಾಡಿದ್ದರು.

2002ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕಡಲಿಗೆ ಎದುರಾಗಿ ಹೊಸ ಗ್ರಂಥಾಲಯ ತೆರೆಯಿತು. 2011ರ ಜನವರಿಯಲ್ಲಿ ಈಜಿಪ್ಟ್ ದಂಗೆಯೆದ್ದಾಗ, ಪುಂಡರು ನುಗ್ಗದಿರಲೆಂದು ಊರಿನ ಹುಡುಗ ಹುಡುಗಿಯರು ಕೈಕೈ ಹಿಡಿದು ಅದರ ಸುತ್ತ ನಿಂತ ಚಿತ್ರಗಳನ್ನು ನೋಡಿದ್ದೇನೆ. ಗಾಜಿಗೂ ಏಟು ಬೀಳಲಿಲ್ಲ.

ಹಳೆಯ ಗ್ರಂಥಾಲಯದ ಪಂಡಿತರು ಸ್ಯಾಫೋ ಎಂಬ ಕವಯಿತ್ರಿಯ ಹಾಡುಗಳನ್ನು ಒಂಬತ್ತು ಸುರುಳಿಗಳಲ್ಲಿ ಜೋಡಿಸಿಟ್ಟಿದ್ದರು. ಪೂರ್ತಿಯಾಗಿ ನಮ್ಮ ಕೈಗೆ ಬಂದದ್ದು ಒಂದೇ ಒಂದು. ಚರ್ಚಿನವರು ಅವಳ ಕಾವ್ಯವನ್ನು ಸುಟ್ಟರೆಂದು ಹೇಳುವುದುಂಟು. ಅದಕ್ಕೆ ಗಟ್ಟಿ ಆಧಾರವಿಲ್ಲ. ಅವಳ ಹಳೆಯ ಉಪಭಾಷೆ ಕಷ್ಟವೆಂದು ಶಾಲೆಗಳಲ್ಲಿ ಓದಿಸುವುದು ಬಿಟ್ಟರು, ಮಠಗಳ ಲಿಪಿಕಾರರು ಪ್ರತಿ ಮಾಡುವುದು ಬಿಟ್ಟರು, ಅಷ್ಟೇ. ಅದೇ ಮಠಗಳಲ್ಲಿ ಹೋಮರನನ್ನೂ ಪ್ಲೇಟೋನನ್ನೂ ಪ್ರತಿ ಮಾಡಿ ಉಳಿಸಿಕೊಟ್ಟವರು ಇದ್ದರೆಂಬುದನ್ನೂ ಹೇಳಬೇಕು.

ಸ್ಯಾಫೋಳ ಉಳಿದ ತುಣುಕುಗಳು ಎಲ್ಲಿ ಸಿಕ್ಕವು ಗೊತ್ತೆ? ಹೆಚ್ಚಿನವು ತಿಪ್ಪೆಯಲ್ಲಿ. ಈಜಿಪ್ಟಿನ ಒಳನಾಡಿನಲ್ಲಿ ಆಕ್ಸಿರಿಂಕಸ್ ಎಂಬ ಊರು. ಅಲ್ಲಿಯ ಜನ ಶತಮಾನಗಳ ಕಾಲ ಬೇಡದ ಕಾಗದವನ್ನೆಲ್ಲ ಊರಾಚೆ ಸುರಿದಿದ್ದರು. ಮಳೆಯಿಲ್ಲದ ಮರಳು ಅವನ್ನು ಕಾಪಾಡಿತು. 1896ರ ಚಳಿಗಾಲದಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ತರುಣರು ಅದನ್ನು ಅಗೆಯತೊಡಗಿದರು. ತೆರಿಗೆ ರಸೀದಿ, ಲಗ್ನಪತ್ರ, ಮಕ್ಕಳ ಕಾಗುಣಿತ, ಸಾಲಪತ್ರಗಳ ನಡುವೆ ಸ್ಯಾಫೋಳ ಹರಿದ ಸಾಲುಗಳು ಬಂದವು. ಕಾವಲಿದ್ದ ಗ್ರಂಥಾಲಯದ ಪ್ರತಿ ಹೋಯಿತು, ಕಸಕ್ಕೆ ಎಸೆದದ್ದು ಉಳಿಯಿತು.

ಅದೇ ತಿಪ್ಪೆಯಲ್ಲಿ, ಎರಡನೆಯ ಶತಮಾನದ ಒಂದು ಪಪೈರಸ್ ಹಾಳೆಯ ಮೇಲೆ, ಒಂದು ಗ್ರೀಕ್ ಪ್ರಹಸನವೂ ಸಿಕ್ಕಿತು. ಕಾರಿಷಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲ ತೀರದಲ್ಲಿ ಸೆರೆಯಾಗಿದ್ದಾಳೆ, ಅಲ್ಲಿನ ರಾಜ ಅವಳನ್ನು ದೇವಿಗೆ ಬಲಿ ಕೊಡಬೇಕೆಂದಿದ್ದಾನೆ. ಅವಳ ಅಣ್ಣನ ಕಡೆಯವರು ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಹೇಳಿದರು. ಮೈಸೂರಿನ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ತುಳು ಎಂದವರಿದ್ದಾರೆ, ಯಾವ ಭಾಷೆಯೂ ಅಲ್ಲ, ನಗಿಸಲು ಮಾಡಿದ ಬರಿಯ ಸದ್ದು ಎಂದವರೂ ಇದ್ದಾರೆ. ಕನ್ನಡವೇ ಆಗಿದ್ದರೆ ಹಲ್ಮಿಡಿ ಶಾಸನಕ್ಕಿಂತ ಮುನ್ನೂರು ವರ್ಷ ಹಳೆಯ ಕನ್ನಡ ಅದು. ವಾದ ಇನ್ನೂ ಮುಗಿದಿಲ್ಲ.